ಪಳಗದ ಕೈ

ಫೆಬ್ರವರಿ 3, ಸೋಮವಾರ

ಇವತ್ತು ನನ್ನ ಕೈಗೆ ಪೊರಕೆ ಕೊಟ್ಟರು. ನಲವತ್ತೊಂದು ವರ್ಷದ ನನಗೆ. ಹದಿನಾಲ್ಕು ವರ್ಷ ಉಪ ಮುಖ್ಯೋಪಾಧ್ಯಾಯಿನಿ ಆಗಿದ್ದ ನನಗೆ. ಕೊಟ್ಟವಳು ಇಪ್ಪತ್ತು ವರ್ಷದ ಹುಡುಗಿ.

ಇದನ್ನು ಎಲ್ಲಾದರೂ ಕಾರಿಕೊಳ್ಳದಿದ್ದರೆ ಹೊಟ್ಟೆ ಕೆಟ್ಟುಹೋಗುತ್ತದೆ. ಶಾಲೆಯ ಹಾಜರಿ ಪುಸ್ತಕವೊಂದು ಖಾಲಿ ಉಳಿದಿತ್ತು, ಅದರಲ್ಲೇ ಬರೆಯುತ್ತಿದ್ದೇನೆ. ಶಾಲೆಯೇ ಇಲ್ಲದ ಮೇಲೆ ಯಾರ ಹಾಜರಿ? ಶಾಲೆಯ ಮಾಲೀಕರು ಸತ್ತರು, ಅವರ ಮಕ್ಕಳು ಜಾಗ ಮಾರಿದರು, ಈಗ ನಮ್ಮ ಪ್ರಾರ್ಥನಾ ಮೈದಾನದಲ್ಲಿ ಪೆಟ್ರೋಲ್ ಬಂಕಿಗೆ ಗುಂಡಿ ತೋಡುತ್ತಿದ್ದಾರೆ. ಬೇರೆ ಶಾಲೆಗಳಿಗೆ ಹೋದರೆ, ನಿಮ್ಮ ಅರ್ಧ ವಯಸ್ಸಿನವರು ಸಿಗುತ್ತಾರೆ ಮಿಸೆಸ್ ಶೊಯೊಂಬೊ ಎಂದು ನಗುತ್ತಾ ಬಾಗಿಲ ತನಕ ಬಂದು ಕಳಿಸಿಕೊಟ್ಟರು. ಅದಕ್ಕೇ ಹೊಲಿಗೆ. ಇಟೋಕು ಸಂತೆಯಲ್ಲಿ, ನೀಲಿ ಬಟ್ಟೆ ಮಾರುವವರ ಸಾಲಿನ ಹಿಂದೆ, ಮೇಡಂ ಅಲಾಕೆಯ ಅಂಗಡಿ. ಆರು ಮಿಷನ್ನು, ಏಳು ಹೆಂಗಸರು, ಒಂದು ಕಿಟಕಿ.

ನಮ್ಮ ಅಬೆಒಕುಟಾ ಊರಿನಲ್ಲಿ ನನಗಿಂತ ಒಂದು ದಿನ ಹಿರಿಯಳು ಎದುರಿಗೆ ಬಂದರೂ ಮಂಡಿ ಬಗ್ಗಿಸಿ ನಮಸ್ಕಾರ ಹೇಳುತ್ತೇವೆ. ಹಾಲು ಕುಡಿಯುವ ಮಕ್ಕಳಿಗೂ ಇದು ಗೊತ್ತು. ದರ್ಜಿ ಅಂಗಡಿಯ ಹೊಸ್ತಿಲು ದಾಟಿದರೆ ಮಾತ್ರ ಲೋಕ ತಲೆಕೆಳಗು. ಮೊದಲು ಸೇರಿದವಳು ಅಕ್ಕ, ಆಮೇಲೆ ಸೇರಿದವಳು ತಂಗಿ.

"ಇವಳು ವುರಾ. ಇವಳೇ ನಿನಗೆ ಕಲಿಸೋದು. ಅಕ್ಕ ಅನ್ನು," ಅಂದರು ಮೇಡಂ.

"ಮೇಡಂ, ಈ ಮಗು ನನ್ನ ಮಗಳ ವಯಸ್ಸಿನವಳು."

"ನಿನ್ನ ಮಗಳಿಗೆ ಕಾಜಾ ಹೊಲಿಯೋಕೆ ಬರುತ್ತಾ?"

"ನನಗೆ ಮಗಳಿಲ್ಲ."

"ಹಂಗಾದ್ರೆ ತೊಂದರೇನೇ ಇಲ್ಲ. ಅಕ್ಕ ಅನ್ನು."

ಅಂದೆ. ನಾಲಿಗೆಗೆ ಬೇವು ಮೆತ್ತಿದ ಹಾಗಾಯಿತು. ಆ ವುರಾ ನಗಲೂ ಇಲ್ಲ. ನನ್ನನ್ನು ಮೇಲಿಂದ ಕೆಳಗೆ ಅಳೆದು, "ಇಬಿರೊಂಕೆ, ಮೂಲೆಗಳಲ್ಲಿ ಚೆನ್ನಾಗಿ ಗುಡಿಸು," ಅಂದಳು. ಹೆಸರು ಹಿಡಿದು! ನನ್ನ ಗಂಡ ಬದುಕಿದ್ದಾಗಲೂ ಜನರ ಮುಂದೆ ನನ್ನ ಹೆಸರು ಹಿಡಿದು ಕರೆದವನಲ್ಲ.

ಶಾಲೆಯಲ್ಲಿ ಪ್ರತಿ ಸೋಮವಾರ ಮುನ್ನೂರು ಮಕ್ಕಳ ಮುಂದೆ ನಿಂತು ಬದುಕಿನಲ್ಲಿ ಗೆಲ್ಲುವ ಪಾಠ ಹೇಳುತ್ತಿದ್ದೆ. ವರ್ಷಕ್ಕೆ ನಲವತ್ತು ಪಾಠ, ಎಲ್ಲ ನಾನೇ ಬರೆದದ್ದು. ಇನ್ನು ಮುಂದೆ ಹೊಸದಾಗಿ ಬರೆಯುತ್ತೇನೆ. ಪಾಠ ಒಂದು: ಗೆಲ್ಲಬೇಕಾದರೆ ಜ್ಞಾನ ಬೇಡ, ಶ್ರಮ ಬೇಡ. ಪಕ್ಕದವಳಿಗಿಂತ ಒಂದು ದಿನ ಮುಂಚೆ ಬಂದು ಕೂತಿದ್ದರೆ ಸಾಕು.

ಫೆಬ್ರವರಿ 6, ಗುರುವಾರ

ಪೊರಕೆ. ಇದ್ದಿಲ ಇಸ್ತ್ರಿ ಪೆಟ್ಟಿಗೆ ಊದುವುದು. ಸೂಜಿ ಹೆಕ್ಕುವುದು. ಎಲ್ಲರಿಗೂ ಅಮಲಾ ಮುದ್ದೆ ತರುವುದು. ಪಾಠ ಎರಡು: ಬೂದಿ ಕಣ್ಣಿಗೆ ಬಿದ್ದರೆ ಅಕ್ಕನಿಗೂ ತಂಗಿಗೂ ಒಂದೇ ರೀತಿ ಉರಿಯುತ್ತದೆ. ಆದರೆ ಊದುವವಳು ತಂಗಿ.

ಫೆಬ್ರವರಿ 19, ಬುಧವಾರ

ಕೊನೆಗೂ ಮಿಷನ್ನಿನ ಮುಂದೆ ಕೂರಿಸಿದರು. ನೇರ ಹೊಲಿಗೆ ಹಾಕು ಎಂದಳು ವುರಾ. ಹಾಕಿದೆ. ಅವಳು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬಿಚ್ಚು," ಅಂದಳು. ಮತ್ತೆ ಹಾಕಿದೆ. "ಬಿಚ್ಚು." ಹನ್ನೊಂದು ಸಲ. ಹನ್ನೆರಡನೆಯ ಸಲ ನಾನೇ ಕೇಳಿದೆ, "ಏನು ತಪ್ಪಾಗಿದೆ ಅಂತ ಬಾಯಿಬಿಟ್ಟು ಹೇಳಬಾರದಾ? ಹೇಳಿಕೊಡೋದು ಅಂದ್ರೆ ಹಿಂಗಾ?"

"ನೋಡಿದ್ರೆ ಕಾಣುತ್ತೆ."

"ನನಗೆ ಕಾಣಲ್ಲ."

"ಕಾಣೋ ತನಕ ಬಿಚ್ಚು."

ಮಧ್ಯಾಹ್ನ ಊಟ ತರಲು ಎದ್ದಾಗ ತಲೆ ಎತ್ತದೆ ಅಂದಳು, "ನನ್ನ ಗುರುತು ಸಿಗಲಿಲ್ಲ ಅಲ್ವಾ? ನಿಮ್ಮ ಶಾಲೆಲೇ ಇದ್ದೆ. ವುರಾವೋಲಾ. ಮೂರನೇ ಫಾರಂ. ನೀವು ನನ್ನನ್ನ ಗೇಟಲ್ಲಿ ಮಂಡಿ ಮೇಲೆ ನಿಲ್ಲಿಸ್ತಿದ್ರಿ, ದಿನಾ ತಡವಾಗಿ ಬರ್ತಾಳೆ ಅಂತ. ಒಂದು ಸೋಮವಾರ ನಿಮ್ಮ ಪಾಠ ಮುಗಿಯೋ ತನಕ ವೇದಿಕೆ ಮೇಲೂ ನಿಲ್ಲಿಸಿದ್ರಿ. ಈ ಹುಡುಗಿ ಮುಂದೆ ಏನೂ ಆಗಲ್ಲ, ನೋಡ್ತಾ ಇರಿ ಅಂದ್ರಿ. ಮಾರನೇ ದಿನದಿಂದ ನಾನು ಬರಲಿಲ್ಲ."

ನನಗೆ ನೆನಪಿಲ್ಲ. ಮುನ್ನೂರು ಮಕ್ಕಳು, ಹದಿನಾಲ್ಕು ವರ್ಷ. ಯಾರ ಮುಖ ಅಂತ ನೆನಪಿಟ್ಟುಕೊಳ್ಳಲಿ? ತಡವಾಗಿ ಬಂದಿದ್ದಾಳೆ, ನಿಲ್ಲಿಸಿದ್ದೇನೆ. ಅದು ನನ್ನ ಕೆಲಸವಾಗಿತ್ತು. ಈಗ ಎಲ್ಲ ತಿಳಿಯಿತು. ಹನ್ನೊಂದು ಸಲ ಬಿಚ್ಚಿಸಿದ್ದು ನೇರ ಹೊಲಿಗೆಗಲ್ಲ.

ಪಾಠ ಐದೋ ಆರೋ: ಶಿಕ್ಷೆ ಕೊಟ್ಟ ಮಕ್ಕಳ ಹೆಸರು ಬರೆದಿಟ್ಟುಕೊಳ್ಳಿ. ಮುಂದೆ ಅವರ ಅಂಗಡಿ ಯಾವ ಬೀದಿಯಲ್ಲಿದೆ ಎಂದು ಗೊತ್ತಿದ್ದರೆ ಆ ಬೀದಿ ಬಿಟ್ಟು ಹೋಗಬಹುದು.

ಮಾರ್ಚ್ 14, ಶುಕ್ರವಾರ

ಒಳ್ಳೆಯ ಸುದ್ದಿ. ಈ ಪುಸ್ತಕದಲ್ಲಿ ಮೊದಲನೆಯದು. ಬೆಟ್ಟದ ಆಚೆ ಹೊಸ ಶಾಲೆಯೊಂದು ತೆರೆಯುತ್ತಿದೆ. ಅದರ ಯಜಮಾನಿಗೆ ನನ್ನ ಹಳೆಯ ಪರಿಚಯ. ಜನವರಿಯಿಂದ ನಾನೂರು ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸ ನನಗೇ ಕೊಡುತ್ತಾಳಂತೆ, ಶಾಲೆಯ ಹಿಂದಿನ ಎರಡು ಕೋಣೆಯ ಸಮೇತ. ಅಣ್ಣನ ಮನೆಯ ಹಿತ್ತಿಲ ಕೋಣೆ ಬಿಟ್ಟು ಅಮ್ಮನನ್ನು ಕರೆದುಕೊಂಡು ಹೋಗಬಹುದು. ಒಂದೇ ಷರತ್ತು: ದರ್ಜಿಗಳ ಸಂಘದ ಕಾಗದ ಬೇಕು.

ಅಂದರೆ ಬಿಡುಗಡೆ ಆಗಬೇಕು. ಮೇಡಂ ಜನರ ಮುಂದೆ ನನ್ನನ್ನು ಮಂಡಿ ಊರಿಸಿ, ತಲೆಯ ಮೇಲೆ ಕೈಯಿಟ್ಟು ಹರಸಿ, ಇನ್ನು ನಿನಗೆ ನೀನೇ ಯಜಮಾನಿ ಎಂದು ಹೇಳಬೇಕು. ಸಂಘದ ಅಧ್ಯಕ್ಷೆ ಸಹಿ ಹಾಕಬೇಕು. ಅದಿಲ್ಲದೆ ಅಂಗಡಿ ಇಟ್ಟರೆ ಸಂಘದವರು ಬಂದು ಮಿಷನ್ನಿನ ತಲೆ ಬಿಚ್ಚಿಕೊಂಡು ಹೋಗುತ್ತಾರೆ. ಈ ಊರಿನಲ್ಲಿ ಸತ್ತವರನ್ನು ಹೂಳಲೂ ಇಷ್ಟು ನಿಯಮವಿಲ್ಲ.

ಎಲ್ಲರಿಗೂ ಎರಡು ವರ್ಷ ಹಿಡಿಯುತ್ತದೆ. ನನಗೆ ಹತ್ತು ತಿಂಗಳಿದೆ. ನನಗೇನು ತಲೆ ಇಲ್ಲವೇ?

ಅಮ್ಮನಿಗೆ ಹೇಳಿದೆ. ಕಡಲೆಕಾಯಿ ಸುಲಿಯುತ್ತಾ, "ಹೆಡ್‌ಮಿಸ್ ಅಮ್ಮಾವ್ರಿಗೆ ನೇರ ಹೊಲಿಗೆ ಬಂತಾ?" ಎಂದು ಕೇಳಿದಳು.

"ಬಂತು."

"ಯಾರು ಹೇಳಿದ್ದು?"

ಅಮ್ಮ ಆಮೆಯ ಕಥೆಯೊಂದನ್ನು ಶುರು ಮಾಡಿದಳು. ನಮ್ಮ ಕಥೆಗಳಲ್ಲಿ ಅತಿಬುದ್ಧಿವಂತಿಕೆಯಿಂದ ಕೆಡುವುದು ಆಮೆಯೇ. ಆಮೆ ಎಂದ ಕೂಡಲೇ ಆ ಆಮೆ ಯಾರು ಎಂದು ಗೊತ್ತಾಯಿತು. ನಿಲ್ಲಿಸು ಎಂದೆ.

ಏಪ್ರಿಲ್ 11, ಶುಕ್ರವಾರ

ಇವರು ಬಟ್ಟೆ ಕತ್ತರಿಸುವ ರೀತಿ ನೋಡಿದರೆ ನನ್ನ ಗಣಿತದ ಸಹೋದ್ಯೋಗಿಗಳು ಮೂರ್ಛೆ ಹೋಗುತ್ತಾರೆ. ನಮೂನೆ ಇಲ್ಲ, ಕಾಗದ ಇಲ್ಲ. ಗಿರಾಕಿ ಬಾಗಿಲಲ್ಲಿ ಬರುವಾಗ ಮೇಡಂ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಟೇಪನ್ನು ಎರಡು ಕಡೆ ಹಿಡಿದ ಶಾಸ್ತ್ರ ಮಾಡುತ್ತಾರೆ. ಆಮೇಲೆ ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ನೇರವಾಗಿ ಒಂದು ಗೆರೆ, ಒಂದು ಬಾಗು, ಅಷ್ಟೇ. ಕತ್ತರಿ ಓಡುತ್ತದೆ. ವುರಾಳೂ ಹಾಗೆಯೇ. ಕೇಳಿದರೆ, "ಮೈ ನೋಡು," ಅನ್ನುತ್ತಾಳೆ.

ನಾನು ಹಳೆಯ ಪ್ರಶ್ನೆಪತ್ರಿಕೆಗಳನ್ನು ಅಂಟಿಸಿ ಕಾಗದದ ನಮೂನೆ ಮಾಡಿದ್ದೇನೆ. ಎದೆ, ಸೊಂಟ, ಭುಜ, ತೋಳು, ಎಲ್ಲಕ್ಕೂ ಅಳತೆ. ಬಟ್ಟೆ ಎರಡಾಗಿ ಮಡಿಸು, ಕಾಗದ ಇಡು, ಗೆರೆ ಎಳಿ, ಕತ್ತರಿಸು. ಎರಡು ಬದಿಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ವುರಾ ಅದನ್ನು ಎತ್ತಿ ಹಿಂದೆ ಮುಂದೆ ನೋಡಿ, "ಇದರಲ್ಲಿ ಪ್ರಶ್ನೆ ಇದೆ, ಉತ್ತರ ಎಲ್ಲಿ?" ಅಂದಳು. ಆರು ಜನರೂ ನಕ್ಕರು. ನಗಲಿ. ಇವರೆಲ್ಲ ಎರಡು ವರ್ಷ ಯಾಕೆ ತೆಗೆದುಕೊಳ್ಳುತ್ತಾರೆ ಎಂದು ನನಗೆ ಗೊತ್ತಾಗಿದೆ. ಬುದ್ಧಿ ಓಡದಿದ್ದಲ್ಲಿ ಕಾಲ ಓಡುತ್ತದೆ. ಇದು ಒಳ್ಳೆಯ ಪಾಠ. ಹತ್ತನೆಯದು ಎಂದಿಟ್ಟುಕೊಳ್ಳೋಣ.

ಏಪ್ರಿಲ್ 25, ಶುಕ್ರವಾರ

ಎಲ್ಲಿಂದ ಶುರು ಮಾಡಲಿ.

ಸಂತೆಯಲ್ಲಿ ಗೆಣಸು ಮಾರುವ, ಹಜ್ ಮಾಡಿ ಬಂದ ಅಲ್ಹಾಜಾ ಸೆಕಿನಾ. ಅವರ ತಂಗಿಯ ಮಗಳ ಮದುವೆ ನಾಳೆ. ನಮ್ಮ ಕಡೆ ಮದುವೆ ಎಂದರೆ ಮನೆತನದ ಹೆಂಗಸರೆಲ್ಲ ಒಂದೇ ಬಟ್ಟೆ ಉಡಬೇಕಲ್ಲ, ಅವರ ಪಾಲಿನ ಲೇಸ್ ಬಟ್ಟೆ ಕಳೆದ ವಾರ ಅಂಗಡಿಗೆ ಬಂತು. ಹಳದಿ ಲೇಸು, ಅಷ್ಟೇ ಬಂದದ್ದು, ಇನ್ನೊಂದು ಗೇಣು ಬೇಕೆಂದರೂ ಸಿಗುವುದಿಲ್ಲ. ಮೇಡಂ ಸಂಘದ ಸಭೆಗೆ ಹೋಗಿದ್ದರು. ವುರಾ ಗುಂಡಿ ತರಲು ಹೋಗಿದ್ದಳು. ನನ್ನ ಬಳಿ ಅಳತೆ ಇತ್ತು, ನಮೂನೆ ಇತ್ತು. ಕತ್ತರಿಸಿದೆ. ಸುಂದರವಾಗಿ ಬಂತು.

ಇವತ್ತು ಅಲ್ಹಾಜಾ ಬಂದು ಹಾಕಿಕೊಂಡರು. ಎಡ ತೋಳು ಜೋತುಬಿತ್ತು. ಬಲ ತೋಳು ಕಂಕುಳನ್ನು ಕಚ್ಚಿ ಹಿಡಿಯಿತು. ಅವರು ತಲೆವಸ್ತ್ರ ಕಟ್ಟಲು ಕೈ ಎತ್ತಿದರೆ ರವಿಕೆಯೇ ಹೊಟ್ಟೆ ಬಿಟ್ಟು ಮೇಲೆದ್ದಿತು.

"ಯಾ ಅಲ್ಲಾ! ಇದು ನಂದಾ, ನನ್ನ ಸವತಿದಾ?" ಎಂದು ಕೂಗಿದರು.

ಆಗ ನೋಡಿದೆ. ಮೂವತ್ತು ವರ್ಷ ಗೆಣಸಿನ ಬುಟ್ಟಿ ಹೊತ್ತು, ಬಲಗೈಯಲ್ಲಿ ಹಿಡಿದು, ಅವರ ಬಲ ಭುಜ ಎಡದ್ದಕ್ಕಿಂತ ಎರಡು ಬೆರಳು ಮೇಲಿದೆ. ಟೇಪಿಗೆ ಅದು ಸಿಗುವುದಿಲ್ಲ. ಮಡಿಸಿದ ಕಾಗದಕ್ಕಂತೂ ಸಿಗುವುದೇ ಇಲ್ಲ. ದಾರಿಯಲ್ಲಿ ಹೋಗುವ ಹುಡುಗಿಗೂ ಕಾಣುವ ಭುಜ ಅದು.

"ಯಾರ ಕೈ ಇದು?" ಮೇಡಂ ಕೇಳಿದರು.

"ನಂದು," ಅಂದಳು ವುರಾ.

ಮೇಡಂಗೆ ಗೊತ್ತಿತ್ತು, ಪ್ರಶ್ನೆಪತ್ರಿಕೆ ಇನ್ನೂ ಮೇಜಿನ ಮೇಲೇ ಇತ್ತು. ಆದರೆ ಇಲ್ಲಿಯ ನಿಯಮ ಹಾಗೆ. ತಂಗಿಯ ತಪ್ಪು ಕಲಿಸಿದ ಅಕ್ಕನದು. ವುರಾ ಹೋಗಿ ಬಾಗಿಲಲ್ಲಿ, ಸಂತೆಯ ಜನರೆಲ್ಲ ನೋಡುವಂತೆ, ಮಂಡಿ ಊರಿ ಎರಡೂ ಕೈ ಮೇಲೆತ್ತಿದಳು. ಅರ್ಧ ಗಂಟೆ. ಆಮೇಲೆ ಎದ್ದು ಬಂದು, ಕಾಲು ಉಜ್ಜಿಕೊಳ್ಳದೆ, ಅದೇ ಲೇಸಿನ ಅಂಚಿನಲ್ಲಿ ಉಳಿದ ಚೂರುಗಳಿಂದ ಕಂಕುಳಿಗೆ ತೇಪೆ ಕೊಟ್ಟು, ಹೂವಿನ ಮೇಲೆ ಹೂ ಕೂರಿಸಿ, ಸಂಜೆಯೊಳಗೆ ರವಿಕೆ ಉಳಿಸಿದಳು. ನನ್ನನ್ನು ಬೈದಿದ್ದರೆ ವಾಪಸು ಬೈಯಬಹುದಿತ್ತು. ಅದಕ್ಕೂ ಅವಕಾಶ ಕೊಡದ ಕಲ್ಲು ಮನಸ್ಸಿನವಳು.

ನಾನು ಯಾಕೆ ಬಾಯಿ ತೆರೆಯಲಿಲ್ಲ? ನಿಯಮ ಅವರದು, ನನ್ನದಲ್ಲ. ಹೊಸಬಳಾದ ನಾನು ಅಂಗಡಿಯ ನಿಯಮ ಮುರಿಯಲೇ?

ಒಂದು ವಿಷಯ. ಅವಳು ಕೈ ಎತ್ತಿದ ರೀತಿ. ಮೊಣಕೈ ಬಗ್ಗದೆ, ತೋಳು ಕಿವಿಗೆ ತಾಗುವ ಹಾಗೆ, ಅಂಗೈ ಮುಂದಕ್ಕೆ. ಬೇರೆ ಯಾವ ಶಾಲೆಯಲ್ಲೂ ಹಾಗೆ ಎತ್ತಿಸುವುದಿಲ್ಲ. ಹಾಗೆ ಎತ್ತಿದರೆ ಬೇಗ ನೋಯುತ್ತದೆ ಎಂದು ಅದನ್ನು ಶುರು ಮಾಡಿದವಳು ನಾನು.

ಏಪ್ರಿಲ್ 26, ಶನಿವಾರ

ಪಾಠ ಬರೆಯಲು ಕೂತೆ. ಏನೂ ಹೊಳೆಯಲಿಲ್ಲ. ಮಳೆ. ಬೆನ್ನು ನೋವು.

ಜೂನ್ 12, ಗುರುವಾರ

ಸಿಮೆಂಟು ಚೀಲದ ಕಾಗದದ ಮೇಲೆ ಕಣ್ಣಳತೆಯಲ್ಲಿ ಕಂಕುಳಿನ ಬಾಗು ಬರೆಯುವುದು, ಕತ್ತರಿಸುವುದು, ವುರಾ ನೋಡುವುದು, ಒಲೆಗೆ ಹಾಕುವುದು. ಇವತ್ತಿಗೆ ಏಳು ವಾರ. ನಮ್ಮ ಮನೆಯಲ್ಲಿ ಈಗ ಸೌದೆ ಬೇಕಿಲ್ಲ, ನನ್ನ ತಪ್ಪುಗಳಲ್ಲೇ ಅಡುಗೆ ಆಗುತ್ತದೆ ಎಂದು ಅಮ್ಮ ನೆರೆಯವರಿಗೆ ಹೇಳಿಕೊಂಡು ತಿರುಗುತ್ತಿದ್ದಾಳೆ.

ಸಂತೆಗೆ ಬರುವ ವ್ಯಾನಿನಲ್ಲಿ ಎದುರಿಗೆ ಕೂತವಳ ಕತ್ತು ಮುಂದಕ್ಕೆ ಬಾಗಿತ್ತು. ಕುತ್ತಿಗೆಯ ಹಿಂಭಾಗ ಒಂದು ಬೆರಳು ಏರಿಸಬೇಕು, ಮುಂದೆ ಒಂದು ಬೆರಳು ಇಳಿಸಬೇಕು ಅಂತ ನೋಡುತ್ತಾ ಕೂತೆ. ಅವಳು ಜಗಳಕ್ಕೇ ಬಂದಳು, "ಏನಮ್ಮಾ, ನನ್ನ ಮುಖದಲ್ಲಿ ನಿನ್ನ ಕಳೆದುಹೋದ ಕೋಳಿ ಕಾಣ್ತಾ ಇದೆಯಾ?" ಇಳಿಯುವ ಜಾಗ ದಾಟಿಹೋಗಿತ್ತು. ಅರ್ಧ ಮೈಲಿ ನಡೆದು ಬಂದು ತಡವಾಯಿತು. ತಡವಾಗಿ ಬಂದದ್ದಕ್ಕೆ ವುರಾ ಏನೂ ಅನ್ನಲಿಲ್ಲ. ಅದೂ ಒಂದು ಅಹಂಕಾರವೇ.

ಆಗಸ್ಟ್ 4, ಸೋಮವಾರ

ಕೇಳಿಯೇಬಿಟ್ಟೆ.

"ಮೇಡಂ, ಡಿಸೆಂಬರಿನಲ್ಲಿ ವುರಾ ಅಕ್ಕನ ಬಿಡುಗಡೆ ಇದೆಯಲ್ಲ. ಅವತ್ತೇ ನನ್ನದೂ ಮಾಡಿಬಿಡಿ. ಜನವರಿಗೆ ನನಗೆ ಸಮವಸ್ತ್ರದ ಕೆಲಸ ಕಾದಿದೆ."

"ನನ್ನನ್ನ ಯಾಕೆ ಕೇಳ್ತೀಯ? ಕಲಿಸಿದವಳನ್ನ ಕೇಳು. ಅವಳು ಕೈ ಪಳಗಿದೆ ಅಂದ್ರೆ ನಾಳೆನೇ ಜೇನು, ಉಪ್ಪು ಇಟ್ಟು ಹರಸಿ ಕಳಿಸ್ತೀನಿ."

ಎಲ್ಲ ಮಿಷನ್ನುಗಳೂ ನಿಂತವು. ವುರಾ ಹಲ್ಲಿನಲ್ಲಿ ದಾರ ಕಚ್ಚಿ ತುಂಡು ಮಾಡಿದಳು.

"ಪಳಗಿಲ್ಲ."

"ಯಾಕೆ?"

"ಪಳಗಿಲ್ಲ ಅಂದೆನಲ್ಲ."

ಆರು ತಿಂಗಳಿಂದ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಬಂತು. "ನಿನಗೆ ಅಕ್ಷರ ಕಲಿಸಿದ್ದು ನಾನು ಕಣೇ! ಆ ಬಾಯಲ್ಲಿ ನನಗೇ ಇಲ್ಲ ಅಂತೀಯ?"

"ಎಷ್ಟು ಕಲಿಸಿದ್ರಿ? ಏಳೂವರೆಯಿಂದ ಒಂಬತ್ತರ ತನಕ ಗೇಟಲ್ಲಿ ಮಂಡಿ ಮೇಲೆ ಇರ್ತಿದ್ದೆ. ಒಂಬತ್ತರ ಮೇಲೆ ಕಲಿತದ್ದು ನಿಮ್ಮದು, ಬೇಕಾದ್ರೆ ವಾಪಸ್ ತಗೊಳ್ಳಿ."

"ತಡವಾಗಿ ಬಂದ್ರೆ ಆರತಿ ಎತ್ತಬೇಕಿತ್ತಾ?"

"ಯಾಕೆ ತಡ ಅಂತ ಒಂದು ದಿನ ಕೇಳಿದ್ರಾ? ನಮ್ಮಮ್ಮನ ಎಡಗೈ ಲಕ್ವ ಹೊಡೆದು ಬಿದ್ದುಹೋಗಿತ್ತು. ಅಕಾರಾ ವಡೆ ನಾನೇ ಕರೀಬೇಕಿತ್ತು, ಬುಟ್ಟಿ ಖಾಲಿ ಆಗೋ ತನಕ ನಾನೇ ಮಾರಬೇಕಿತ್ತು."

"ಹೇಳಬಹುದಿತ್ತಲ್ಲ?"

"ಮಂಡಿ ಮೇಲಿರೋರು ಮಾತಾಡಬಾರದು ಅನ್ನೋದು ನಿಮ್ಮದೇ ನಿಯಮ."

ಆಮೇಲೆ ನಾನು ಕೇಳಬಾರದ್ದು ಕೇಳಿದೆ. "ಅದಕ್ಕೇ ಈಗ ಸೇಡು ತೀರಿಸ್ಕೊಳ್ತಾ ಇದ್ದೀಯ?"

ಅವಳು ನಾನು ಬೆಳಗ್ಗೆ ಹೊಲಿದ ರವಿಕೆಯನ್ನು ತಿರುವಿ ಹಾಕಿ ನನ್ನ ತೊಡೆಯ ಮೇಲೆ ಎಸೆದಳು. "ಸೇಡಾ? ಸೇಡು ಬೇಕಿದ್ರೆ ಪಳಗಿದೆ ಅಂದುಬಿಡ್ತಿದ್ದೆ. ಫೆಬ್ರವರಿ ಹೊತ್ತಿಗೆ ನಾನೂರು ಮಕ್ಕಳ ಅಂಗಿ ಕಂಕುಳಲ್ಲಿ ಕಿತ್ತುಬರ್ತಿತ್ತು. ಆ ನಾನೂರು ತಾಯಂದಿರು ನಿಮ್ಮ ಬಾಗಿಲಿಗೆ ಬರೋದನ್ನ ನೋಡೋಕೆ ನಾನೂ ಬರ್ತಿದ್ದೆ, ಸ್ಟೂಲು ತಗೊಂಡು."

ಹೊಸ್ತಿಲು ದಾಟಿ ಬಂದೆ. ಇನ್ನು ಹೋಗುವುದಿಲ್ಲ.

ಆಗಸ್ಟ್ 7, ಗುರುವಾರ

ಹೋದೆ. ಅಮ್ಮ ಬೆಳಗ್ಗೆ ಗಂಜಿಯ ಬಟ್ಟಲು ಮುಂದಿಟ್ಟು, "ಜಗಳ ಮುಗೀತಾ, ಇಲ್ಲಾ ಇನ್ನೂ ನಾಲ್ಕು ದಿನ ರಜಾನಾ?" ಅಂದಳು. ಪೊರಕೆ ಬಾಗಿಲ ಹಿಂದೆ ಇಟ್ಟಲ್ಲೇ ಇತ್ತು. ಕಂಕುಳಿನ ಹೊಲಿಗೆಯಲ್ಲಿ ಬಟ್ಟೆ ಎಷ್ಟು ಒಳಗೆ ಬಿಡಬೇಕೆಂದು ವುರಾ ಬೆರಳಿಟ್ಟು ತೋರಿಸಿದಳು, ನನ್ನ ಮುಖ ನೋಡದೆ. ನಾನೂ ಅವಳ ಮುಖ ನೋಡಲಿಲ್ಲ, ಬೆರಳು ನೋಡಿದೆ.

ಸೆಪ್ಟೆಂಬರ್ 22, ಸೋಮವಾರ

ಬಿಚ್ಚಿದೆ, ಹೊಲಿದೆ, ಬಿಚ್ಚಿದೆ.

ಅಕ್ಟೋಬರ್ 19, ಭಾನುವಾರ

ಚರ್ಚಿನಲ್ಲಿ ಪಾದ್ರಿಗಳು ಎರಡು ಕೈ ಎತ್ತಿ ಹರಸಿದರು. ಅವರ ನಿಲುವಂಗಿಯ ತೋಳು ಹಿಂದಿನಿಂದ ಎಳೆಯುತ್ತದೆ, ಬೆನ್ನಿನಲ್ಲಿ ಒಂದು ಸುಕ್ಕು ಓರೆಯಾಗಿ ಓಡುತ್ತದೆ. ಇಷ್ಟು ವರ್ಷ ಆ ಸುಕ್ಕು ಇತ್ತೇ? ಮುಂದಿನ ಸಾಲಿನಲ್ಲಿ ಒಂಬತ್ತು ಹೆಂಗಸರು, ಒಂಬತ್ತು ಬೆನ್ನು, ಸರಿಯಾಗಿ ಕೂತ ರವಿಕೆ ಒಂದೇ. ಅದನ್ನು ಹೊಲಿದವಳು ಯಾರೆಂದು ಹೊರಗೆ ಬಂದು ಕೇಳಿದರೆ, ಇಟೋಕುವಿನ ವುರಾ ಅಂದಳು ಅದನ್ನು ತೊಟ್ಟವಳು.

"ಪ್ರಾರ್ಥನೆಲಿ ಕಣ್ಣು ಮುಚ್ಚಬೇಕು," ಎಂದು ಅಮ್ಮ ಗದರಿದಳು.

ಮುಚ್ಚಿದರೂ ಕಾಣುತ್ತದೆ. ಮನೆಗೆ ಬಂದು ನನ್ನದೇ ಭಾನುವಾರದ ರವಿಕೆ, ಹೋದ ವರ್ಷ ಊರಿನ ದೊಡ್ಡ ದರ್ಜಿಯಿಂದ ಹೊಲಿಸಿದ್ದು, ಎರಡೂ ತೋಳು ಬಿಚ್ಚಿ ಹಾಕಿದೆ. ಊಟ ತಣ್ಣಗಾಯಿತು. ಇದು ಒಂದು ರೋಗ. ಆ ಹುಡುಗಿ ನನ್ನ ಕಣ್ಣು ಹಾಳು ಮಾಡಿದಳು. ಮೊದಲು ಎಷ್ಟು ನೆಮ್ಮದಿಯಾಗಿದ್ದೆ, ಎಲ್ಲರ ಬಟ್ಟೆಯೂ ಬಟ್ಟೆಯಾಗಿಯೇ ಕಾಣುತ್ತಿತ್ತು.

ನವೆಂಬರ್ 17, ಸೋಮವಾರ

ಸಂಘದ ಅಧ್ಯಕ್ಷೆ ಮಾಮಾ ಅಡುನಿ ಅಂಗಡಿಗೆ ಬಂದಿದ್ದರು, ವುರಾಳ ಬಿಡುಗಡೆಯ ದಿನ ಗೊತ್ತು ಮಾಡಲು. ಹಿರಿಯರಾದ್ದರಿಂದ ಎಲ್ಲರಿಗೂ ಅವರು ಮಾಮಾ, ಅಂದರೆ ತಾಯಿ. ದೊಡ್ಡ ಹೆಂಗಸು. ಕೂತರೆ ಬೆಂಚು ಮಾತಾಡುತ್ತದೆ. ನನ್ನನ್ನು ನೋಡಿ, "ಅಯ್ಯೋ, ಮಿಸೆಸ್ ಶೊಯೊಂಬೊ! ನನ್ನ ಮೊಮ್ಮಗಳು ನಿಮ್ಮ ಹತ್ರಾನೇ ಓದಿದ್ದು. ನಿಮ್ಮ ಸೋಮವಾರದ ಪಾಠ ಈಗಲೂ ಬಾಯಿಪಾಠ ಒಪ್ಪಿಸ್ತಾಳೆ. ಇದೇನು, ನಿಮ್ಮ ಕೈಲಿ ಇಸ್ತ್ರಿ ಪೆಟ್ಟಿಗೆ?" ಅಂದರು. ಎಷ್ಟು ದಿನವಾಗಿತ್ತು ಯಾರಾದರೂ ನನ್ನನ್ನು ಹಾಗೆ ಕರೆದು! ಎಲ್ಲ ಹೇಳಿದೆ, ಜನವರಿಯ ಕೆಲಸವನ್ನೂ.

"ಇಷ್ಟಕ್ಕೆ ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ದೀರಿ? ನನಗೊಂದು ರವಿಕೆ ಹೊಲೀರಿ. ಇವಳ ಬಿಡುಗಡೆ ದಿನ ಹಾಕ್ಕೊಂಡು ಬರ್ತೀನಿ. ಚೆನ್ನಾಗಿ ಕೂತ್ರೆ ಅಲ್ಲೇ ಎಲ್ಲರೆದುರಿಗೆ ಸಹಿ."

ಮೇಡಂ ಅಲಾಕೆಯ ಮುಖ ಬಿಗಿಯಿತು. ಆದರೆ ಅಧ್ಯಕ್ಷೆ ಅಧ್ಯಕ್ಷೆಯೇ. "ಮಾಮಾ, ನಮ್ಮಲ್ಲಿ ಕಲಿಸಿದವಳು ಹೇಳಬೇಕು," ಎಂದು ಒಂದು ಮಾತು ಅಂದು ನೋಡಿದರು.

"ನಾನು ಆಗಲೇ ಹೇಳಿ ಆಯ್ತು," ಅಂದಳು ವುರಾ. "ಅವಳು ಹೊಲೀಲಿ."

ಹೊಲಿಯುತ್ತೇನೆ. ಈ ಸಲ ಯಾರ ಅಪ್ಪಣೆಯೂ ಬೇಡ. ಮಾಮಾ ಹೊರಗೆ ಹೋಗುವಾಗ ಹಿಂದಿನಿಂದ ನೋಡಿಕೊಂಡೆ. ಎಡಗಾಲು ಎಳೆಯುತ್ತಾರೆ, ಅದಕ್ಕೆ ಮೈ ಬಲಕ್ಕೆ ವಾಲುತ್ತದೆ. ಟೇಪು ಹಿಡಿಯಲು ಮರೆತೇಹೋಯಿತು.

ಡಿಸೆಂಬರ್ 5, ಶುಕ್ರವಾರ

ನಾಳೆ. ಮಾಮಾ ಅಡುನಿಯ ರವಿಕೆ ಮುಗಿಸಿ ಕಳಿಸಿದೆ. ಮೂರು ಸಲ ಬಿಚ್ಚಿದ್ದೆ. ಒಣ ಗಾಳಿ ಶುರುವಾಗಿದೆ, ತುಟಿ ಒಡೆದು ರಕ್ತ ಬರುತ್ತಿದೆ, ಬಟ್ಟೆಯ ಮೇಲೆಲ್ಲ ಧೂಳು.

ವುರಾ ನಾಳೆಯ ಉಡುಪು ತಾನೇ ಹೊಲಿದುಕೊಂಡಿದ್ದಾಳೆ. ಹಾಕಿಕೊಂಡು ನಿಂತಾಗ ಹಿಂದಿನ ಅಂಚು ಒಂದು ಕಡೆ ಇಳಿದಿತ್ತು. ತನ್ನ ಬೆನ್ನು ತನಗೆ ಕಾಣುವುದಿಲ್ಲವಲ್ಲ, ಎಷ್ಟು ದೊಡ್ಡ ಅಕ್ಕನಾದರೂ. ಬಾಯಲ್ಲಿ ಗುಂಡುಸೂಜಿ ಹಿಡಿದು ಮಂಡಿ ಊರಿ ಸುತ್ತಲೂ ಅಂಚು ಸರಿ ಮಾಡಿದೆ. ನೆಲಕ್ಕೆ ಕೂರದೆ ಅಂಚು ಹಿಡಿಯಲು ಆಗುವುದಿಲ್ಲ, ಅಷ್ಟೇ. ಸ್ವಲ್ಪ ಹೊತ್ತು ಹಿಡಿಯಿತು.

"ಸಾಕು, ಏಳಿ," ಅಂದಳು.

"ಅಲ್ಲಾಡಬೇಡ," ಅಂದೆ.

ಅವಳ ತಾಯಿ ನಾಳೆ ಬರುವುದಿಲ್ಲವಂತೆ. ತೀರಿಕೊಂಡು ಎರಡು ವರ್ಷವಾಯಿತಂತೆ. ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ.

ಡಿಸೆಂಬರ್ 7, ಭಾನುವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಬರೆದಿದ್ದರೆ ಪುಟ ಹರಿದುಹೋಗುತ್ತಿತ್ತು.

ಅಂಗಡಿಯ ಮುಂದೆ ಚಪ್ಪರ. ಕುರ್ಚಿ, ಡೋಲು, ದೊಡ್ಡ ಪಾತ್ರೆಯಲ್ಲಿ ಕೆಂಪು ಅನ್ನ. ವುರಾ ಚಾಪೆಯ ಮೇಲೆ ಮಂಡಿ ಊರಿದಳು. ಮೇಡಂ ಜೇನು ನೆಕ್ಕಿಸಿದರು, ಉಪ್ಪು ನಾಲಿಗೆಗಿಟ್ಟರು, ತಲೆಗೆ ಬಿಳಿ ಪೌಡರು ಸುರಿದರು, ಒಂದು ಕತ್ತರಿ ಕೊಟ್ಟರು. ಅಳು ಬಾರದ ಆ ಹುಡುಗಿ ಅಳುತ್ತಿದ್ದಳು. ಮಾಮಾ ಅಡುನಿ ನನ್ನ ರವಿಕೆಯಲ್ಲಿ ಬಂದಿದ್ದರು. ನೀಲಿ, ಮೈಗೆ ಅಂಟಿದ ಹಾಗೆ. ಮೂರು ಹೆಂಗಸರು ಆಗಲೇ ಯಾರು ಹೊಲಿದದ್ದು ಎಂದು ಕೇಳಿದ್ದರು. ಬೆಟ್ಟದಾಚೆಯ ಶಾಲೆಯ ಯಜಮಾನಿಯೂ ಬಂದಿದ್ದಳು, ಅಮ್ಮನ ಪಕ್ಕ ಕೂತು ಕೋಣೆಗಳ ವಿಷಯ ಮಾತಾಡುತ್ತಿದ್ದಳು.

ಕಾಗದ ಮೇಜಿನ ಮೇಲಿತ್ತು. ನನ್ನ ಹೆಸರು ಬರೆದಾಗಿತ್ತು. ಮಾಮಾ ಪೆನ್ನು ತೆಗೆದರು. ಸಹಿಗೆ ಮುಂಚೆ ಒಂದು ಹಾರೈಕೆ ಹೇಳಲು ಎಡಗೈಯನ್ನು ನನ್ನ ತಲೆಯ ಮೇಲಕ್ಕೆ ಎತ್ತಿದರು.

ಎಡ ತೋಳು ಎಳೆಯಿತು. ಅರ್ಧ ಬೆರಳು. ಕಂಕುಳಿಂದ ಎದೆಯ ಕಡೆಗೆ ಒಂದು ಸಣ್ಣ ಸುಕ್ಕು ಓಡಿತು, ಕೈ ಇಳಿಸಿದಾಗ ಮಾಯವಾಯಿತು.

ಯಾರಿಗೂ ಕಾಣಲಿಲ್ಲ. ಕಂಡವಳು ನಾನು ಒಬ್ಬಳೇ. ಸುಮ್ಮನೆ ತಲೆ ಬಗ್ಗಿಸಿದ್ದರೆ ಆಗಿತ್ತು.

"ಮಾಮಾ, ಆ ರವಿಕೆ ಬಿಚ್ಚಿಕೊಡಿ," ಅಂದೆ.

"ಏನಂದ್ರಿ?"

"ಎಡ ತೋಳು ಸರಿ ಇಲ್ಲ. ಆರು ತಿಂಗಳಲ್ಲಿ ಅಲ್ಲಿ ಕಿತ್ತುಬರುತ್ತೆ."

"ನನಗೇನೂ ಗೊತ್ತಾಗ್ತಾ ಇಲ್ಲವಲ್ಲಮ್ಮ!"

"ನನಗೆ ಗೊತ್ತಾಗ್ತಾ ಇದೆ."

ಮಾಮಾ ಪೆನ್ನಿನ ಮುಚ್ಚಳ ಹಾಕಿದರು. ಮರ್ಯಾದೆ ಹೋದವರ ದನಿಯಲ್ಲಿ ಕೇಳಿದರು, "ನೋಡಿ, ಈ ವರ್ಷದ ಪುಸ್ತಕ ಇವತ್ತಿಗೆ ಮುಚ್ಚುತ್ತೆ. ಇನ್ನು ಸಹಿ ಅಂದ್ರೆ ಜುಲೈಗೆ. ಕಾಗದ ಬೇಕೋ, ರವಿಕೆ ಬೇಕೋ?"

ಶಾಲೆಯ ಯಜಮಾನಿ ನನ್ನನ್ನು ನೋಡುತ್ತಿದ್ದಳು. ಅಮ್ಮ ತನ್ನ ಕೈಯನ್ನು ನೋಡಿಕೊಳ್ಳುತ್ತಿದ್ದಳು. ನನ್ನ ಬಾಯಿಂದ ಬಂದ ಮಾತಿಗೆ ನಾನು ಹೊಣೆಯಲ್ಲ, ಆ ಸುಕ್ಕು ಹೊಣೆ.

"ರವಿಕೆ," ಅಂದೆ.

ಮಾಮಾ ಪರದೆಯ ಹಿಂದೆ ಹೋಗಿ ರವಿಕೆ ಬಿಚ್ಚಿ ಕಳಿಸಿದರು. ಶಾಲು ಹೊದ್ದು ಕೂತು, ಓದಿದವರಿಗೆ ತಲೆ ನೆಟ್ಟಗಿರೋದಿಲ್ಲ ಎಂದು ಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳುತ್ತಾ ಅನ್ನ ಉಂಡರು. ಯಜಮಾನಿ ಊಟಕ್ಕೂ ನಿಲ್ಲದೆ ಹೋದಳು. ಸಮವಸ್ತ್ರ ಹೋಯಿತು, ಕೋಣೆ ಹೋಯಿತು. ಹೊರಗೆ ಡೋಲು ಬಾರಿಸುತ್ತಿದ್ದರು. ನಾನು ಒಳಗೆ ಕಿಟಕಿಯ ಪಕ್ಕ ಕೂತು ಎಡ ತೋಳು ಬಿಚ್ಚುತ್ತಿದ್ದೆ, ನನ್ನನ್ನು, ಮಾಮಾಳನ್ನು, ಹೊಲಿಗೆ ಕಂಡುಹಿಡಿದವನನ್ನು ಬೈಯುತ್ತಾ.

ವುರಾ ಬಂದಳು. ಮುಖದ ತುಂಬ ಪೌಡರು, ಕಣ್ಣೀರಿನ ಎರಡು ಗೆರೆ.

"ನಿನ್ನ ಬಿಡುಗಡೆ ಆಯಿತಲ್ಲ," ಅಂದೆ. "ಈಗ ನೀನು ನನ್ನ ಅಕ್ಕ ಅಲ್ಲ. ಹೋಗಿ ಕುಣಿ."

ಅವಳು ರವಿಕೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಒಳಮೈ ತಿರುವಿ, ಇನ್ನೂ ಬಿಚ್ಚದ ಬಲ ತೋಳನ್ನು ಬೆಳಕಿಗೆ ಹಿಡಿದಳು. ಸುಮಾರು ಹೊತ್ತು ನೋಡಿದಳು. ಆಮೇಲೆ ನನ್ನ ತೊಡೆಯ ಮೇಲೆ ಹಾಕಿದಳು.

"ಆ ಕಡೇದನ್ನೂ ಬಿಚ್ಚು."

ನಾನೂ ಬೆಳಕಿಗೆ ಹಿಡಿದು ನೋಡಿದೆ. ಹಾಳಾದವಳು, ಸರಿಯಾಗಿಯೇ ಹೇಳಿದ್ದಳು.

ಬಿಚ್ಚಿದೆ.